ಕೂಸನ್ನ ಎಲ್ಲಿ ಬಿಟ್ಟು ಕೆಲಸಕ್ಕ ಹೋಗ್ಲಿ? ಹಾದು ಬಂದವರು ಹೇಳ್ರಿ

ಕೇಳಿದವರು, ಬೆಳಗಾವಿ ಶಹಾಪುರ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಬಾಡಿಗಿ ಮನಿ. ಮನೆಯವರು ಉದ್ಯಮಬಾಗದ ಒಂದು ಮಶೀನ್ ಶಾಪ್‌ನಾಗ ಕಾಂಟ್ರಾಕ್ಟ್ ಮ್ಯಾಲ ಅದಾರ. ಕೈಗೆ 13,500 ಬರತೈತಿ, ಅದರಾಗ ಬಾಡಿಗಿ 4,500. ಮಗಳಿಗೆ ಒಂದು ವರ್ಷ ಎಂಟು ತಿಂಗಳು. ನನಗ ಒಂದು ಬಟ್ಟಿ ಅಂಗಡ್ಯಾಗ ಬಿಲ್ ಕೌಂಟರ್ ಕೆಲಸ ಸಿಕ್ಕೈತಿ. ಮುಂಜಾನೆ ಹತ್ತರಿಂದ ರಾತ್ರಿ ಎಂಟರತನಕ, ಪಗಾರ 9,000. ಡೇಕೇರ್ ಕೇಳಿದ್ರ ತಿಂಗಳಿಗೆ 4,000 ಅಂದ್ರು. ಹಾಲು, ತಿಂಡಿ ನಾವ ಕೊಡಬೇಕು, ಸಂಜಿ ಆರಕ್ಕ ಬಾಗಲಾ ಹಾಕ್ತಾರ. ಅತ್ತಿಯವರು ಬೈಲಹೊಂಗಲ ಹತ್ರ ಹಳ್ಳ್ಯಾಗ ಇರ್ತಾರ. ಇಬ್ಬರೂ ದುಡದ್ರ ರೇಷನ್ ಕಾರ್ಡ್ ಹೋಗತೈತಿ, ಗೃಹಲಕ್ಷ್ಮಿ ನಿಲ್ಲತೈತಿ ಅಂತ ಓಣ್ಯಾಗ ಒಬ್ರು ಹೆದರಿಸ್ಯಾರ. ಹೋಗ್ಲೋ, ಬ್ಯಾಡೋ? ನನಗಂತೂ ತಲಿ ಓಡವಲ್ದು.

ವಡಗಾವಿ, ಮಗ್ಗದ ಮನಿಯವಳು:

ತಂಗಿ, ನಾ ಎರಡೂ ಮಾಡಿ ನೋಡೇನಿ. ಮೊದಲನೇದವನ್ನ ಪಾವರ್‌ಲೂಮ್ ಬಾಜೂಕ ಸೀರಿ ಜೋಳಗಿ ಕಟ್ಟಿ ಮಲಗಿಸ್ತಿದ್ದೆ. ಮನ್ಯಾಗ ಮಗ್ಗ ಐತಿ, ಕೂಸು ಕಣ್ಮುಂದ ಇರತೈತಿ, ಡೇಕೇರ್ ರೊಕ್ಕ ಉಳೀತು ಅಂತ ಖುಷಿ ಆಗಿತ್ತು. ಆ ಖಟಖಟ ಸಪ್ಪಳದಾಗ ಮಲಗಿ ಮಲಗಿ ಹುಡುಗ ಸಣ್ಣಗ ಕರದ್ರ ತಿರುಗಿ ನೋಡದಂಗಾದ. ಡಾಕ್ಟರು ಬೈದ್ರು. ಹತ್ತಿ ಧೂಳಿಗೆ ಕೆಮ್ಮು ಬ್ಯಾರೆ. ನಮ್ಮ ಕೂಲಿ ಸೀರಿ ಲೆಕ್ಕದಾಗ. ಕೂಸು ಅತ್ತಾಗ ಎದ್ದು ಹೋದ್ರ ಎಳಿ ಹರದಿರತೈತಿ, ಮಗ್ಗ ನಿಂತಿರತೈತಿ, ಅಷ್ಟೊತ್ತಿನ ಕೂಲಿ ಹೋತು. ‘ಮನ್ಯಾಗ ಕುಂತು ದುಡೀತಾಳ, ಏನ ತ್ರಾಸು’ ಅನ್ನೋರಿಗೆ ಒಂದಿನ ಬಂದು ಕುಂಡ್ರು ಅನ್ನಬೇಕು.

ಎರಡನೇದಕ್ಕ ಬಾಜೂ ಮನಿ ಆಯಿ ಹತ್ರ ಬಿಟ್ಟೆ. ತಿಂಗಳಿಗೆ 1,500, ಮ್ಯಾಲ ಮಧ್ಯಾಹ್ನದ ಊಟ. ಆಯಿ ಮನಸ್ಸು ಭಾಳ ಚೊಲೋ. ಆದ್ರ ಒಂದಿನ ಹೇಳದ ಹೋದೆ, ಚಹಾದಾಗ ಪಾವ ಅದ್ದಿ ತಿನ್ನಸಾಕ ಹತ್ತಿದ್ರು. ಮುಂಜಾನೆಯಿಂದ ಅದು ಎರಡನೇ ಸಲ. ಅವರಿಗೆ ಅದು ಪ್ರೀತಿ. ನಾ ಏನೂ ಅನ್ನಲಿಲ್ಲ, ಮರುದಿನದಿಂದ ಜೋಳದ ಅಂಬಲಿ ಡಬ್ಬ್ಯಾಗ ಹಾಕಿ ಕಳಿಸಾಕ ಚಾಲೂ ಮಾಡಿದೆ. ಎಲ್ಲಿ ಬಿಟ್ರೂ, ಡೇಕೇರ್ ಆಗ್ಲಿ ಆಯಿ ಆಗ್ಲಿ, ಒಂದ ಸಲ ಹೇಳದ ಹೋಗಿ ನೋಡು. ಹೇಳಿ ಹೋದಾಗ ಎಲ್ಲಾ ಕಡೆ ನೆಲಾ ಒರಸಿರ್ತಾರ.

ಉದ್ಯಮಬಾಗ, ಲೇಥ್ ಆಪರೇಟರ್:

ಅಕ್ಕಾರ, ನಿಮ್ಮ ಮನೆಯವರ ಪಗಾರ ಚೀಟಿ ಮೊದಲ ನೋಡ್ರಿ. ಇಎಸ್‌ಐ, ಅಂದ್ರ ಕಾರ್ಮಿಕರ ವಿಮಾ ಅಂತ ಕಟ್ ಆಗತೈತೇನು? ಪಗಾರ 21,000ದ ಒಳಗಿದ್ರ ನಮ್ಮ ಕಡೆಯಿಂದ 0.75 ಪರ್ಸೆಂಟ್, ಮಾಲಕರ ಕಡೆಯಿಂದ 3.25 ಪರ್ಸೆಂಟ್. ಹದಿನಾಲ್ಕು ಸಾವಿರಕ್ಕ ನಮ್ಮ ಪಾಲು 105 ರೂಪಾಯಿ. ಅಷ್ಟಕ್ಕ ಹೆಂಡ್ತಿ ಮಕ್ಕಳಿಗೂ ಔಷಧ ಉಪಚಾರ ಸಿಗತೈತಿ. ಮಕ್ಕಳಿದ್ದ ಮನಿಗೆ ಇದು ಗೃಹಲಕ್ಷ್ಮಿಗಿಂತ ದೊಡ್ಡದು ಅಂತ ನನ್ನ ಲೆಕ್ಕ.

ನಂದು ಹೇಳ್ತೇನಿ. ಹಿಂದಿನ ಕಾಂಟ್ರಾಕ್ಟರು ಎರಡು ವರ್ಷ ನನ್ನ ಪಗಾರದಾಗ ಮುರಕೊಂಡ, ನಂಬರ್ ಮಾತ್ರ ಮಾಡಿಸಿರಲಿಲ್ಲ. ಹೆಂಡ್ತಿ ಹೆರಿಗಿಗೆ ಹೋದಾಗ ಗೊತ್ತಾತು. ಖಾಸಗಿ ದವಾಖಾನಿಗೆ ಕಟ್ಟಾಕ ಭಿಶಿ (ಚೀಟಿ ರೊಕ್ಕ) ಎತ್ತಿದೆ. ಆ ಭಿಶಿ ಮುಗಿಯೂದ್ರಾಗ ಮಗ ನಡಿಯಾಕ ಹತ್ತಿದ್ದ. ಅದಕ್ಕ ಬಾಯಿಮಾತು ನಂಬಬ್ಯಾಡ್ರಿ, ನಂಬರ್ ಇಸ್ಕೋರಿ.

ನಿಮ್ಮ ಅಂಗಡ್ಯಾಗ ಎಷ್ಟ ಮಂದಿ ಅದಾರ ಅನ್ನೂದೂ ಕೇಳ್ರಿ. ಹತ್ತು ಮಂದಿ ಇಲ್ಲಾ ಅದಕ್ಕಿಂತ ಹೆಚ್ಚಿದ್ರ ಅಂಗಡಿಗೂ ಇಎಸ್‌ಐ ಬರತೈತಿ. ಮುಂದ ಎರಡನೇ ಕೂಸಿನ ವಿಚಾರ ಇದ್ರ, ನಿಮ್ಮ ಹೆಸರಿನ ಮ್ಯಾಲ ಇಎಸ್‌ಐ ಇದ್ದು ಬೇಕಾದಷ್ಟು ದಿನ ತುಂಬಿದ್ರ 26 ವಾರದ ಪಗಾರ ಅವರ ಕೊಡ್ತಾರ. ಮನೆಯವರ ಕಾರ್ಡಿನ ಮ್ಯಾಲ ಆ ಪಗಾರ ಸಿಗಂಗಿಲ್ಲ.

ಬಾಗಲಕೋಟೆ ಜಿಲ್ಲೆ, ಅಂಗನವಾಡಿ ಕಾರ್ಯಕರ್ತೆ:

ನಿಮ್ಮ ಮಗಳನ್ನು ಅಂಗನವಾಡಿಯಲ್ಲಿ ಕೂರಿಸಲು ಇನ್ನೂ ಒಂದು ವರ್ಷ ನಾಲ್ಕು ತಿಂಗಳು ಬೇಕು. ಕೇಂದ್ರದಲ್ಲಿ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಸಣ್ಣವರಿಗೆ ಮನೆಗೆ ಆಹಾರದ ಪೊಟ್ಟಣ ಕೊಡುತ್ತೇವೆ, ಅಷ್ಟೇ. ಅಕ್ಕನ ಜೊತೆ ತಂಗಿಯನ್ನೂ ತಂದು ಬಿಟ್ಟು ಕಳೆ ತೆಗೆಯಲು ಓಡುವ ತಾಯಂದಿರು ನಮ್ಮಲ್ಲಿ ಇದ್ದಾರೆ. ನಾನು ವಾಪಸ್ ಕಳಿಸುವುದಿಲ್ಲ, ಆದರೆ ಹಾಜರಿ ಪುಸ್ತಕದಲ್ಲಿ ಆ ಮಗು ಇರುವುದಿಲ್ಲ. ಬಿದ್ದು ಗಾಯ ಮಾಡಿಕೊಂಡರೆ ಯಾರ ಹೊಣೆ ಎಂಬ ಹೆದರಿಕೆ ಸಂಜೆಯವರೆಗೆ ನನ್ನ ತಲೆಯ ಮೇಲೆ.

ನಿಮ್ಮದು ಗ್ರಾಮ ಪಂಚಾಯಿತಿ ಆಗಿದ್ದರೆ ‘ಕೂಸಿನ ಮನೆ’ ಕೇಳಿ ನೋಡಿ ಅನ್ನುತ್ತಿದ್ದೆ. ಮೂರು ವರ್ಷದೊಳಗಿನ ಮಕ್ಕಳಿಗಾಗಿ 4,000 ಪಂಚಾಯಿತಿಗಳಲ್ಲಿ ತೆರೆಯುತ್ತೇವೆ ಎಂದು 2023-24ರ ಬಜೆಟ್‌ನಲ್ಲಿ ಹೇಳಿದ್ದು ಅದೇ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು. ಶಹಾಪುರ ಮಹಾನಗರ ಪಾಲಿಕೆಯ ಒಳಗೆ ಬರುತ್ತದೆ. ಪಟ್ಟಣದಲ್ಲಿ ಅಂಗಡಿ, ಗೋದಾಮು, ಮನೆಗೆಲಸಕ್ಕೆ ಹೋಗುವ ಹೆಂಗಸಿನ ಒಂದೂವರೆ ವರ್ಷದ ಕೂಸು ಈ ಎರಡೂ ಪಟ್ಟಿಯಲ್ಲಿ ಕೂರುವುದಿಲ್ಲ. ನಮಗೆ ಕೊಡುವುದಕ್ಕೂ ಪಗಾರ ಅನ್ನುವುದಿಲ್ಲ, ‘ಗೌರವಧನ’ ಅನ್ನುತ್ತಾರೆ. ಊರ ಮಕ್ಕಳನ್ನು ನೋಡಿಕೊಳ್ಳುವ ನಾನು ನನ್ನ ಮಗನನ್ನು ಮೂರು ವರ್ಷ ತವರಿನಲ್ಲಿ ಬಿಟ್ಟಿದ್ದೆ.

ವಿಜಯಪುರ:

ನಿಮ್ಮ ಓಣ್ಯಾಗಿನವರು ಎರಡು ಮಾತು ಕೂಡಿಸಿ ಹೆದರಿಸ್ಯಾರ್ರಿ. ಬಿಪಿಎಲ್‌ ಕಾರ್ಡಿಗೆ ಆದಾಯದ ಮಿತಿ ವರ್ಷಕ್ಕ 1.20 ಲಕ್ಷ ಅದ. ತಿಂಗಳಿಗೆ ಹತ್ತು ಸಾವಿರ ಆತು. ನಿಮ್ಮ ಮನೆಯವರ ಪಗಾರದಾಗ ಅದು ಈಗಾಗಲೇ ದಾಟ್ಯದ! ನೀವು ಕೌಂಟರಿಗೆ ಕೂತ್ರೂ ದಾಟಿದ್ದೇ, ಮನ್ಯಾಗ ಕೂತ್ರೂ ದಾಟಿದ್ದೇ. ಇಬ್ಬರು ಬಿಡ್ರಿ, ಒಬ್ಬ ಮನಷ್ಯಾ ನೆಟ್ಟಗ ದುಡದ್ರೂ ಆ ಗೆರಿ ದಾಟತಾನ. ಹಂಗ ಮಾಡ್ಯಾರ ಗೆರಿನ. ಗೃಹಲಕ್ಷ್ಮಿ ಅದಕ್ಕ ಕಟ್ಟಿದ್ದಲ್ಲ, ಎಪಿಎಲ್ ಕಾರ್ಡಿನವರಿಗೂ ಬರ್ತದ. ಹೆಣಮಗಳಾಗ್ಲಿ ಆಕಿ ಗಂಡ ಆಗ್ಲಿ ಆದಾಯ ತೆರಿಗಿ ಕಟ್ಟೋರು, ಜಿಎಸ್‌ಟಿ ರಿಟರ್ನ್ ತುಂಬೋರು ಇದ್ರ ಮಾತ್ರ ಇಲ್ಲ.

ನಾವು ಸಿಕ್ಕೊಂಡಿದ್ದು ಅಲ್ಲೇ. ಟಂಟಂ ಗಾಡಿ ಸಾಲಕ್ಕ ಏಜೆಂಟ್ ಒಬ್ಬ ‘ಐಟಿ ರಿಟರ್ನ್ ಹಾಕ್ರಿ, ಲಗೂ ಸಾಲ ಸಿಗ್ತದ’ ಅಂದ. ತೆರಿಗಿ ಒಂದು ರೂಪಾಯಿನೂ ಇಲ್ಲ, ಬರೇ ರಿಟರ್ನ್. ಮುಂದ ನನ್ನ ಎರಡು ಸಾವಿರ ಬಂದ್. ನೀವು ತೆರಿಗಿದಾರರು ಅಂದ್ರು! ಒಂದು ಕಚೇರಿ ಇನ್ನೊಂದಕ್ಕ ಕಳಸ್ತು, ಅದು ಮತ್ತ ಮೊದಲಿನದಕ್ಕ. ನಾಕು ಸಲ ರಜಾ ಹಾಕಿ ಹೋದೆ, ನಾಕು ದಿನದ ಕೂಲಿ ಹೋಯ್ತು. ಏಜೆಂಟರ ಮಾತಿಗೆ ಸಹಿ ಮಾಡಬ್ಯಾಡ್ರಿ.

ಬೆಳಗಾವಿ, ಮೂರು ವರ್ಷ ಇದನ್ನ ಮಾಡಿದವಳು:

ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಡೈರಿ ತಗದೆ. ನಾನೂ ಹಿಂಗ ಬರದಿದ್ದೆ: ‘ನನ್ನ ಪಗಾರ 8,500, ಡೇಕೇರ್ 3,500.’ ಎರಡೂ ಒಂದರ ಕೆಳಗೊಂದು ಬರದು ಕಳದಿದ್ದೆ. ಈಗ ನೋಡಿದ್ರ ನಗು ಬರತೈತಿ. ಕೂಸು ನನಗೊಬ್ಬಾಕಿಗೆ ಹುಟ್ಟಿತ್ತೇನು? ಮನೆಯವರ ಪಗಾರದಾಗ ಯಾಕ ಕಳಿಬಾರದು? ‘ಡೇಕೇರ್‌ಗೆ ದುಡದಂಗಾತು ನೀ’ ಅಂತ ಅತ್ತಿ, ನಾದಿನಿ ಎಲ್ಲಾರೂ ಅಂದ್ರು, ನಾನೂ ಒಪ್ಪಿದ್ದೆ. ಮನಿ ಬಾಡಿಗಿ ಹೆಂಗ ಇಬ್ಬರದೂ, ಡೇಕೇರ್ ಫೀನೂ ಹಂಗ.

ಖರೇ ಲೆಕ್ಕ ಹೇಳ್ತೇನಿ. 9,000ದಾಗ 4,000 ಹೋತು. ಹಾಲು, ಬಾಳಿಹಣ್ಣು, ಬಿಸ್ಕೀಟು ಅಂತ ಎಂಟನೂರು. ಬಸ್ ಪುಕ್ಕಟ, 2023ರ ಜೂನ್ 11ರಿಂದ ಶಕ್ತಿ ಬಂದ ಮ್ಯಾಲ ನನಗ ಖರೇ ಉಳದಿದ್ದು ಅದೊಂದ. ಆದ್ರ ಡೇಕೇರ್ ಆರಕ್ಕ ಮುಚ್ಚಿದ್ರ ಎಂಟರತನಕ ಕೂಸು ಎಲ್ಲಿ? ನಾ ಆ ಎರಡು ತಾಸಿಗೆ ಓಣಿ ಹುಡುಗಿಗೆ 1,000 ಕೊಡ್ತಿದ್ದೆ. ತಿಂಗಳಿಗೆ ಎರಡು ದಿನ ಜ್ವರ ಬಂದ್ರ ಡೇಕೇರ್‌ನವರು ತಗೊಳ್ಳಂಗಿಲ್ಲ, ಅಂಗಡ್ಯಾಗ ಹಾಜರಿ ಕಟ್, ಫೀ ಮಾತ್ರ ಪೂರಾ. ಕಡೀಕ ಕೈಯಾಗ ಎರಡೂವರೆ ಸಾವಿರ ಉಳದ್ರ ಆ ತಿಂಗಳು ಚೊಲೋ.

ಗೃಹಲಕ್ಷ್ಮಿ ರೊಕ್ಕವ ಡೇಕೇರ್‌ಗೆ ಅಂತ ಲೆಕ್ಕ ಹಾಕಬ್ಯಾಡ್ರಿ. ನಾ ಹಾಕಿದ್ದೆ. ಎರಡು ತಿಂಗಳು ಬರಲಿಲ್ಲ, ಆಮ್ಯಾಲ ಒಮ್ಮೆಲೆ ಬಂತು. ಆ ಎರಡು ತಿಂಗಳು ಡೇಕೇರ್ ಬಾಗಲಾಗ ಮುಖ ಮುಚ್ಚಿಕೊಂಡು ಕೂಸನ್ನ ಒಳಗ ಬಿಟ್ಟು ಓಡತಿದ್ದೆ. ಅದು ಬಂದಾಗ ಅಕ್ಕಿ ಮ್ಯಾಲಿನ ಖರ್ಚಿಗೆ, ಔಷಧಕ್ಕ ಇರ್ಲಿ.

ಇನ್ನೊಂದು, ಇದು ಇನ್ನೂ ಚುಚ್ಚತೈತಿ. ಎರಡು ವರ್ಷ ಆದ ಮ್ಯಾಲ ಐದನೂರು ಹೆಚ್ಚ ಮಾಡ್ರಿ ಅಂತ ಕೇಳಿದೆ. ಮಾಲಕರು ನಕ್ಕು, ‘ಸರಕಾರ ನಿಮಗ ತಿಂಗಳಿಗೆ ಎರಡು ಸಾವಿರ ಕೊಡತೈತಿ, ಬಸ್ ಪುಕ್ಕಟ, ಅಕ್ಕಿ ಪುಕ್ಕಟ, 200 ಯೂನಿಟ್ ಕರೆಂಟೂ ಪುಕ್ಕಟ, ಮತ್ತೇನ ಬೇಕವಾ’ ಅಂದ್ರು. ಆಗ ಬಾಯಿ ಕಟ್ಟಿತು. ಮನಿಗೆ ಬಂದ ಮ್ಯಾಲ ಉತ್ತರ ಹೊಳೀತು: ಅದನ್ನ ಕೊಟ್ಟಿದ್ದು ನನ್ನ ಕೂಸಿಗೆ, ನಿಮ್ಮ ಅಂಗಡಿಗಲ್ಲ. ನಮ್ಮ ಕೈಗೆ ಬಂದದ್ದನ್ನ ಪಗಾರದಾಗ ಮುರಕೊಂಡ್ರ ಸರಕಾರ ಸಾಕಿದ್ದು ಯಾರನ್ನ? ಪುಕ್ಕಟ ತಿಂದು ಸೋಮಾರಿ ಆಗ್ಯಾರ ಅಂತ ಟೀವ್ಯಾಗ ಬೈತಾರಲ್ಲ, ಮುಂಜಾನೆ ಏಳರ ಬಸ್ಸಿನ್ಯಾಗ ಡಬ್ಬಿ ಹಿಡದು ನಿಂತವರನ್ನ ಅವರು ನೋಡಿಲ್ಲ.

ಹಂಗಾರ ಹೋಗಬ್ಯಾಡ ಅಂತೇನಿಲ್ಲ. ಹೋಗ್ರಿ. ಆದ್ರ ಮೊದಲ ಟೈಮಿನ ಮಾತು ಆಡ್ರಿ. ಹತ್ತರಿಂದ ಆರು ಅಂದ್ರ ಪಗಾರ ಸಾವಿರ, ಸಾವಿರದೈನೂರು ಕಡಿಮಿ ಆದ್ರೂ ನಿಮಗ ಲುಕ್ಸಾನಿಲ್ಲ. ದೊಡ್ಡ ಮಾಲ್, ದೊಡ್ಡ ದವಾಖಾನಿ ಕೆಲಸ ಸಿಕ್ರ ಐವತ್ತು ಮಂದಿ ಇದ್ದಲ್ಲಿ ಕೂಸಿನ ಕೋಣಿ ಇರಬೇಕು ಅಂತ 2017ರಾಗ ಕಾಯ್ದೆ ಮಾಡ್ಯಾರ, ತಾಯಿ ದಿನಕ್ಕ ನಾಲ್ಕು ಸಲ ಹೋಗಿ ನೋಡಬಹುದು. ನಾ ಕೇಳಿದ ಒಂದು ಕಡೆ, ‘ನಮ್ಮ ರೋಲ್‌ನಾಗ ಮೂವತ್ತ ಮಂದಿ, ಉಳದವರು ಕಾಂಟ್ರಾಕ್ಟರ್ ಕಡೆಯವರು’ ಅಂದ್ರು. ಕೇಳೂದು ಮಾತ್ರ ಬಿಡಬ್ಯಾಡ್ರಿ.

ಗೋಕಾಕ ತಾಲೂಕು:

ನಾ ಅಂತೂ ಹೋಗಲಿಲ್ಲ. ಮನ್ಯಾಗ ರೊಟ್ಟಿ ಬಡದು ಖಾನಾವಳಿಗೆ ಕೊಡ್ತೇನಿ, ಹಿಟ್ಟು ಅವರದು, ಕಟ್ಟಿಗಿ ನಂದು. ದಿನಕ್ಕ ನೂರು ರೊಟ್ಟಿ. ಭುಜಾ ಹಿಡಿತೈತಿ, ಕೂಸು ಒಲಿ ಕಡೆ ಬರದಂಗ ಕಾಯಬೇಕು. ಇದೂ ಸುಖದ್ದಲ್ಲ, ಹೇಳಿರ್ಲಿ ಅಂತ.

ಚಂದಗಡ ಕಡೆಯ ಸೊಸಿ, ಈಗ ಬೆಳಗಾವ್ಯಾಗ:

ಅತ್ತಿಯವರನ್ನ ಕರಿಸ್ರಿ, ಬಸ್ ಪುಕ್ಕಟ ಐತಿ, ಸೋಮವಾರ ಬಂದು ಶನಿವಾರ ಹೋಗ್ಲಿ. ನನ್ನ ತಾಯಿಗೆ ಅದೂ ಇಲ್ಲ, ಆಧಾರ್ ಮಹಾರಾಷ್ಟ್ರದ್ದು. ಗಡಿ ಆ ಕಡೆ ಅರ್ಧಾ ತಿಕೀಟು, ಈ ಕಡೆ ಪೂರಾ. ಆದ್ರ ಅತ್ತಿಯವರು ಕೂಲಿಗೆ ಹೋಗೋರಿದ್ರ ಅವರ ಕೂಲಿ ಹೋಗತೈತಿ ಅನ್ನೂದು ನೆನಪಿಟಗೋರಿ. ನಮ್ಮತ್ತಿ ಆರು ತಿಂಗಳು ಬಂದಿದ್ರು. ಕೈಯಾಗ ರೊಕ್ಕ ಇಲ್ಲಂತ ಒಮ್ಮೆ ಬಾಯಿಬಿಟ್ಟಾಗ ನನಗ ನಾಚಿಕಿ ಆತು. ತಿಂಗಳಿಗೆ ಸಾವಿರ ಅವರ ಕೈಗೆ ಕೊಡಾಕ ಹತ್ತಿದೆ. ತಗೊಳ್ಳಂಗಿಲ್ಲ ಅಂತಿದ್ರು, ತಗೊಂಡ್ರು.

ಕೇಳಿದವರು:

ಎಲ್ಲಾರದೂ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಡೇಕೇರ್ ಫೀ ಇಬ್ಬರ ಪಗಾರದಾಗ ಅನ್ನೂದಕ್ಕ ಸ್ವಲ್ಪ ಹೊತ್ತು ಸುಮ್ನ ಕುಂತು, ಆತು ಅಂದ್ರು. ಅವರ ಪಗಾರ ಚೀಟ್ಯಾಗ ಇಎಸ್‌ಐ ಕಟ್ ಐತಿ, ನಂಬರ್ ಮಾತ್ರ ಅವರಿಗೇ ಗೊತ್ತಿಲ್ಲ. ಸೋಮವಾರ ಕೇಳ್ತಾರಂತ. ಅಂಗಡ್ಯಾಗ ಎಂಟ ಮಂದಿ ಅದಾರ, ಅಲ್ಲಿ ಇಎಸ್‌ಐ ಇಲ್ಲ. ಆರಕ್ಕ ಬಿಡ್ರಿ ಅಂತ ಫೋನ್ ಮಾಡಿದೆ, 7,500 ಅಂದ್ರು, 7,800ಕ್ಕ ಬಂದು ನಿಂತೈತಿ. ಅತ್ತಿಯವರು ಕಡ್ಲಿ ರಾಶಿ ಮುಗದ ಮ್ಯಾಲ ಒಂದ ತಿಂಗಳು ಬಂದು ಇರ್ತೇನಿ ಅಂದಾರ, ಮಗಳು ರೂಢಿ ಆಗೂತನಕ.

ಡೇಕೇರ್‌ಗೆ ನಾಳೆ ಹನ್ನೊಂದಕ್ಕ ಹೇಳದ ಹೋಗ್ತೇನಿ.