27 ಬಂದೂಕಿನ ಫಾರ್ವರ್ಡ್

(ಇತಿಹಾಸ ಎಂ.ಎ. ಬ್ಯಾಚ್ ಗುಂಪು)

ಗಿರೀಶ: *ಫಾರ್ವರ್ಡ್* 27 ಬಂದೂಕು, ನಲವತ್ತು ಚಿಲ್ಲರೆ ಜನ. ಬಂಡುಕೋರ ಮುಸೆವೆನಿ ಆಫ್ರಿಕಾದ ಉಗಾಂಡಾನೇ ಗೆದ್ದ! 💪

ಶೈಲಜಾ: 27 ಸರಿ ಕಣೋ, ಗೆದ್ದಿದ್ದು ಆ 27ರಿಂದಲ್ಲ. 1981ರ ಫೆಬ್ರವರಿ 6ಕ್ಕೆ ಅಧ್ಯಕ್ಷ ಒಬೋಟೆಯ ಸೇನೆಯ ಕಬಾಂಬಾ ಬ್ಯಾರಕ್ಕಿಗೆ ನುಗ್ಗಿದರು, ಆಯುಧದ ಕೋಣೆ ಕೈಗೆ ಸಿಗಲೇ ಇಲ್ಲ. ಕಾವಲಿನವನು ಜಾಗ ಬಿಟ್ಟು ಕದಲಲಿಲ್ಲ. ಲಾರಿ ಹೊಡ್ಕೊಂಡು ವಾಪಸ್. ನೂರಾರು ಬಂದೂಕು ಸಿಕ್ಕಿದ್ದು 1984ರ ಫೆಬ್ರವರಿಯಲ್ಲಿ ಮಸಿಂಡಿಯಲ್ಲಿ, ಆಮೇಲೆ 1985ರ ಜನವರಿ 1ಕ್ಕೆ ಅದೇ ಕಬಾಂಬಾದಲ್ಲಿ.

ನಾಗರಾಜ: ಲಿಬಿಯಾದ ಗಡಾಫಿ ಕೊಟ್ಟ ಆಯುಧ ಮರೆತೆಯಾ?

ಶೈಲಜಾ: ಲಿಬಿಯಾದಿಂದ ಒಂದಿಷ್ಟು ಬಂತು, ಇಲ್ಲ ಅನ್ನಲ್ಲ. ಆದ್ರೆ ಮ್ಯಾಪ್ ನೋಡು. ಅವರು ಹೋರಾಡಿದ ಲುವೆರೋ ಇರೋದು ರಾಜಧಾನಿ ಕಂಪಾಲಾದ ಉತ್ತರಕ್ಕೆ, ದೇಶದ ಒಳಗೆ. ಓಡಿಹೋಗಿ ಅಡಗೋಕೆ ಗಡಿ ಹತ್ತಿರ ಇಲ್ಲ. ಅನ್ನ, ಸುದ್ದಿ, ಹೊಸ ಹುಡುಗರು, ಮೂರೂ ಊರಿನವರಿಂದಲೇ ಬರಬೇಕು. ಅದಕ್ಕೇ ಊರೂರಲ್ಲಿ ಗುಟ್ಟಾಗಿ ಸಮಿತಿ. ಮುಂದೆ 9 ಜನರ ಪ್ರತಿರೋಧ ಸಮಿತಿ ಆಗಿದ್ದು ಅದೇ. 1966ರಲ್ಲಿ ತಮ್ಮ ದೊರೆ ಕಬಾಕನ ಅರಮನೆಗೆ ಸೇನೆ ನುಗ್ಗಿಸಿದ ಒಬೋಟೆ ಮೇಲೆ ಅಲ್ಲಿನ ಬಗಾಂಡ ಜನಕ್ಕೆ ಮೊದಲೇ ಕುದೀತಿತ್ತು. 1981ರ ಜೂನಲ್ಲಿ ಬಗಾಂಡರವನೇ ಆದ ಮಾಜಿ ಅಧ್ಯಕ್ಷ ಯೂಸುಫ್ ಲೂಲೆ ಜತೆ ಮುಸೆವೆನಿ ಸೇರಿದ್ದು ಅದಕ್ಕೇ.

ಗಿರೀಶ: ಅಂದ್ರೆ ಜನಬಲ. ನಾನೂ ಅದೇ ಅಂದೆ 😀

ನಾಗರಾಜ: ನೀನು 27 ಅಂದೆ ಮಾರಾಯ. ಜನಬಲವೂ 1983ಕ್ಕೆ ಕುಸಿದಿತ್ತು. ಸೇನೆ ಊರು ಖಾಲಿ ಮಾಡಿಸಿ ಜನರನ್ನು ಶಿಬಿರಕ್ಕೆ ತಳ್ಳಿತು. ಮರಗೆಣಸು ಕೀಳೋರೇ ಇಲ್ಲ. ಜತೆಗೆ ಬಂಡುಕೋರರ ಹಿಂದೆಯೇ ಬಂದ ಊರಿನವರ ಹೊಟ್ಟೆಯ ಚಿಂತೆ. ಬಾಗಿಲು ತೆಗೆದದ್ದು ಎದುರಿನ ಸೇನೆಯ ಬಿರುಕು. ಡಿಸೆಂಬರ್ 1983ರಲ್ಲಿ ಸೇನೆಯ ಚೀಫ್ ಆಫ್ ಸ್ಟಾಫ್ ಒಯಿತೆ ಒಜೋಕ್ ಹೆಲಿಕಾಪ್ಟರ್ ಬಿದ್ದು ಸತ್ತ. ಆ ಜಾಗಕ್ಕೆ ಒಬೋಟೆ ತಂದದ್ದು ತನ್ನ ಲಾಂಗಿ ಬುಡಕಟ್ಟಿನವನನ್ನೇ. ಸೇನೆಯ ಅಚೋಲಿ ಬುಡಕಟ್ಟಿನ ಅಧಿಕಾರಿಗಳು ಸಿಡಿದರು, 1985ರ ಜುಲೈ 27ಕ್ಕೆ ಒಬೋಟೆ ಔಟ್.

ಶೈಲಜಾ: ಆ ಬಿರುಕು ತಾನಾಗಿ ಬಂತಾ? ಲುವೆರೋದಲ್ಲಿ ಸಾಯೋರು ನಾವು, ಬಡ್ತಿ ಲಾಂಗಿಗಳಿಗೆ ಅನ್ನೋದೇ ಅಚೋಲಿಗಳ ಸಿಟ್ಟು. ಯುದ್ಧ ನಾಲ್ಕು ವರ್ಷ ಎಳೆಯದಿದ್ದರೆ ಆ ಸಿಟ್ಟೆಲ್ಲಿ?

ನಾಗರಾಜ: ಒಪ್ಪಿದೆ, ಅರ್ಧ. ದಂಗೆಯಾದ್ಮೇಲೆ ಮುಸೆವೆನಿ ಆಡಿದ ಆಟ ನೋಡು. ನೈರೋಬಿಯಲ್ಲಿ ಹೊಸ ಸೇನಾ ಸರ್ಕಾರದ ಜತೆ ಮಾತುಕತೆ ಎಳೀತಾ ಇದ್ದ, ಇತ್ತ ಪಶ್ಚಿಮ ಪೂರ್ತಿ ಕೈಗೆ. ಮಸಾಕಾ, ಎಂಬರಾರಾ ಬ್ಯಾರಕ್‌ಗಳಿಗೆ ಮುತ್ತಿಗೆ. ಡಿಸೆಂಬರ್ 17ಕ್ಕೆ ಶಾಂತಿ ಒಪ್ಪಂದಕ್ಕೆ ಸಹಿ, 1986ರ ಜನವರಿ 26ಕ್ಕೆ ಕಂಪಾಲಾ ಕೈಗೆ!

ಶೈಲಜಾ: ಸಹಿಯ ಶಾಯಿ ಒಣಗಿರಲಿಲ್ಲ. ಗಿರೀಶ, ಇದನ್ನೂ ಫಾರ್ವರ್ಡ್ ಮಾಡು.