ಕಾರ್ಡಿಯರೈಟ್ ಸೋಲ್-ಜೆಲ್: ಅಲ್ಯೂಮಿನಿಯಂ ಹಾಕಿದ ಕೂಡಲೇ ಬೆಳ್ಳಗಾಗುತ್ತಿದೆ

ಜೆಲ್‌ಪಾತ್ರೆ:
ನಮಸ್ಕಾರ. ಚಿಪ್ ಕೂರಿಸುವ ಸಬ್‌ಸ್ಟ್ರೇಟ್‌ಗಾಗಿ (ಅಡಿಯ ಬಿಲ್ಲೆ) ಕಾರ್ಡಿಯರೈಟ್ (ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಸೇರಿದ ಆಕ್ಸೈಡ್) ಗ್ಲಾಸ್-ಸೆರಾಮಿಕ್ ಮಾಡುತ್ತಿದ್ದೇನೆ. ಸೋಲ್-ಜೆಲ್ ವಿಧಾನ, ಅಂದರೆ ದ್ರವವನ್ನು (ಸೋಲ್) ಜೆಲ್ ಆಗಿಸಿ, ಒಣಗಿಸಿ ಸುಡುವುದು. ಮೇಲೆ ತಾಮ್ರದ ಗೆರೆ ಬರಬೇಕು. ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ 2:4:5 ಲೆಕ್ಕ ಸರಿಯಾಗಿದೆ. ಟಿಇಓಎಸ್ (ಸಿಲಿಕಾನ್ ಕೊಡುವ ದ್ರವ), ಎಥನಾಲ್, ನೀರು, ಆಸಿಡ್, ಮೆಗ್ನೀಸಿಯಂ ನೈಟ್ರೇಟ್ ಎಲ್ಲ ಒಟ್ಟಿಗೆ ಕಲಸಿ ಅಲ್ಯೂಮಿನಿಯಂ ಬ್ಯುಟಾಕ್ಸೈಡ್ ಹಾಕಿದರೆ ತಕ್ಷಣ ಮಜ್ಜಿಗೆ ಥರ ಆಗುತ್ತದೆ. ಆದರೂ ಒಣಗಿಸಿ 1000 ಡಿಗ್ರಿಗೆ ಸುಟ್ಟೆ. ಎಕ್ಸ್‌ಆರ್‌ಡಿಯಲ್ಲಿ (ಯಾವ ಹರಳು ಇದೆ ಎಂದು ತೋರಿಸುವ ಎಕ್ಸ್-ರೇ ಪರೀಕ್ಷೆ) ಬರೀ ಸ್ಪಿನೆಲ್ (ಮೆಗ್ನೀಸಿಯಂ-ಅಲ್ಯೂಮಿನಿಯಂ ಆಕ್ಸೈಡ್), ಕ್ರಿಸ್ಟೋಬಲೈಟ್ (ಸಿಲಿಕಾದ ಒಂದು ಹರಳು ರೂಪ). ಶಾಖ ಇನ್ನೂ ಜಾಸ್ತಿ ಮಾಡಲಾ?

ಕುಲುಮೆಮನೆ:
ಬೇಡ. 1350ರ ಹತ್ತಿರ ಕಾರ್ಡಿಯರೈಟ್ ಬಂದೀತು, ಆದರೆ ತಾಮ್ರ 1085ಕ್ಕೇ ಕರಗುತ್ತದೆ ಅಲ್ವಾ? ತಪ್ಪು ಆಗಿರುವುದು ಬೀಕರಿನಲ್ಲಿ.

ಟಿಇಓಎಸ್ ನೀರಿನ ಜೊತೆ ನಿಧಾನವಾಗಿ ಸೇರುತ್ತದೆ. ಅಲ್ಯೂಮಿನಿಯಂ ಬ್ಯುಟಾಕ್ಸೈಡ್ ನೀರು ಕಂಡರೆ ಕಾಯುವುದೇ ಇಲ್ಲ, ಹೈಡ್ರಾಕ್ಸೈಡ್ ಆಗಿ ಕೂತುಬಿಡುತ್ತದೆ. ಆ ಬಿಳಿ ಅದೇ. ಸುಡುವಾಗ ಮೆಗ್ನೀಸಿಯಂ ಅದರ ಜೊತೆ ಸೇರಿ ಸ್ಪಿನೆಲ್ ಆಯಿತು, ಒಂಟಿಯಾಗಿ ಉಳಿದ ಸಿಲಿಕಾ ಕ್ರಿಸ್ಟೋಬಲೈಟ್ ಆಯಿತು. ಇದನ್ನು ಸುಮ್ನೆ ಬಿಡಬೇಡಿ. ಕ್ರಿಸ್ಟೋಬಲೈಟ್ 200-270 ಡಿಗ್ರಿ ನಡುವೆ ರೂಪ ಬದಲಿಸಿ ಒಮ್ಮೆಲೇ ಹಿಗ್ಗುತ್ತದೆ. ಬೆಸುಗೆಯ ಶಾಖಕ್ಕೇ ಸಬ್‌ಸ್ಟ್ರೇಟ್ ಬಿರುಕು ಬಿಡಬಹುದು. ಚಿಪ್‌ನ ಸಿಲಿಕಾನಿನಷ್ಟೇ ಕಡಿಮೆ ಹಿಗ್ಗಲಿ ಅಂತ ತಾನೇ ನಾವು ಅಲ್ಯೂಮಿನಾ ಬಿಟ್ಟು ಇದಕ್ಕೆ ಬಂದಿದ್ದು!

ಹೀಗೆ ಮಾಡಿ. ಮೊದಲು ಟಿಇಓಎಸ್ ಒಂದಕ್ಕೇ ಎಥನಾಲ್, ಕೆಲವು ಹನಿ ಆಸಿಡ್, ಒಂದು ಮೋಲ್‌ಗೆ ಒಂದೇ ಮೋಲ್ ನೀರು ಹಾಕಿ 60 ಡಿಗ್ರಿಯಲ್ಲಿ ಒಂದೆರಡು ಗಂಟೆ ತಿರುಗಿಸಿ. ಬೇರೆ ಬೀಕರಿನಲ್ಲಿ, ಪೂರ್ತಿ ಒಣ ಐಸೊಪ್ರೊಪನಾಲ್‌ನಲ್ಲಿ, ಅಲ್ಯೂಮಿನಿಯಂ ಬ್ಯುಟಾಕ್ಸೈಡ್‌ಗೆ ಸಮ ಮೋಲ್ ಈಥೈಲ್ ಅಸಿಟೋಅಸಿಟೇಟ್ ಸೇರಿಸಿ. ಅದು ಅಲ್ಯೂಮಿನಿಯಂ ಅನ್ನು ಹಿಡಿದುಕೊಂಡು ಆತುರ ತಗ್ಗಿಸುತ್ತದೆ. ಆಮೇಲೆ ಎರಡನ್ನೂ ಬೆರೆಸಿ. ಮೆಗ್ನೀಸಿಯಂ ನೈಟ್ರೇಟ್ ಕಟ್ಟಕಡೆಗೆ. ಅದರ ಹರಳಿನಲ್ಲೇ ಆರು ನೀರು ಇದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಒಣಗಿದ ಜೆಲ್‌ನಲ್ಲಿ ನೈಟ್ರೇಟ್, ಸಾವಯವ ಎರಡೂ ಇರುತ್ತವೆ. ಬೇಗ ಕಾಯಿಸಿದರೆ ಭಗ್ಗೆಂದು ಹೊತ್ತಿಕೊಳ್ಳಬಹುದು. ಸ್ವಲ್ಪವೇ ತೆಗೆದುಕೊಂಡು, ಫ್ಯೂಮ್ ಹುಡ್ ಒಳಗೆ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ.

ಜೆಲ್‌ಪಾತ್ರೆ:
ಹಾಗೇ ಮಾಡಿದೆ. ಸೋಲ್ ತಿಳಿಯಾಗಿ ನಿಂತಿತು, ಮೂರನೇ ದಿನ ಗಾಜಿನಂಥ ಜೆಲ್! 900ಕ್ಕೆ ಮ್ಯೂ-ಕಾರ್ಡಿಯರೈಟ್ (ಮೊದಲು ಬರುವ ಅಸ್ಥಿರ ರೂಪ) ಬಂತು, 1050ಕ್ಕೆ ಆಲ್ಫಾ (ನಮಗೆ ಬೇಕಾದ ರೂಪ). ಎಕ್ಸ್‌ಆರ್‌ಡಿಯಲ್ಲಿ ಕ್ರಿಸ್ಟೋಬಲೈಟ್ ಗೆರೆ ಇಲ್ಲ. ಆದರೆ ಬಿಲ್ಲೆ ಇನ್ನೂ ರಂಧ್ರ ರಂಧ್ರ.

ಕುಲುಮೆಮನೆ:
ತುಂಬಾ ಖುಷಿಯಾಯಿತು. ಬಿಲ್ಲೆ ಗಟ್ಟಿಯಾಗುವ ಮೊದಲೇ ಹರಳು ಕಟ್ಟುತ್ತಿದೆ, ಅದಕ್ಕೇ ರಂಧ್ರ. ಬೋರಾನ್ ಆಕ್ಸೈಡ್ ತೂಕದಲ್ಲಿ ಎರಡು-ಮೂರು ಶೇಕಡ ಸೇರಿಸಿ ನೋಡಿ. ಗಾಜು ಮೆತ್ತಗಾಗಿ ಬೇಗ ಕೂಡಿಕೊಳ್ಳುತ್ತದೆ. ಆಮೇಲೆ ಸಾಂದ್ರತೆ ಎಷ್ಟು ಬಂತು ಅಂತ ಇಲ್ಲೇ ಹಾಕಿ.