ವಿಸಿಗೋಥರ ಚಿನ್ನದ ನಾಣ್ಯದಲ್ಲಿ ಬೇರೆಯವರ ಹೆಸರು ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಸ್ಪೇನ್ ಆಳಿದ ವಿಸಿಗೋಥರ ಚಿನ್ನದ ನಾಣ್ಯವೊಂದರ ಫೋಟೊ ನೋಡಿದೆ. ಅದರ ಮೇಲೆ ಕಾನ್‌ಸ್ಟಾಂಟಿನೋಪಲ್‌ನ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೆಸರಿದೆ. 410ರಲ್ಲಿ ರೋಮನ್ನೇ ಲೂಟಿ ಮಾಡಿದ ಜನ ಇವರು. ಮತ್ತೆ ಚಕ್ರವರ್ತಿಯ ಹೆಸರು ಯಾಕೆ?

ಉತ್ತರ: ಜನರ ಕೈಗೆ ಪರಿಚಯವಿದ್ದ ಚಿನ್ನ ರೋಮಿನದು. ಹೊಸ ಹೆಸರು ಹಾಕಿದರೆ ಯಾರು ನಂಬಬೇಕು? ಹಾಗಾಗಿ ವಿಸಿಗೋಥರು ನೂರು ವರ್ಷಕ್ಕೂ ಜಾಸ್ತಿ ಕಾಲ ಚಕ್ರವರ್ತಿಗಳ ನಾಣ್ಯವನ್ನೇ ನಕಲು ಮಾಡಿದರು. ಹೆಚ್ಚಾಗಿ ಟಂಕಿಸಿದ್ದು ಟ್ರೆಮಿಸ್ಸಿಸ್. ಅದು ಸಾಲಿಡಸ್ ಅನ್ನೋ ರೋಮನ್ ಚಿನ್ನದ ನಾಣ್ಯದ ಮೂರನೇ ಒಂದು ಪಾಲು, ಸುಮಾರು 1.5 ಗ್ರಾಂ.

ಇದನ್ನು ಬಿಟ್ಟು ತನ್ನದೇ ಹೆಸರು ಹಾಕಿಸಿದವನು ರಾಜ ಲಿಯುವಿಗಿಲ್ಡ್ (569–586). ನನಗೆ ತುಂಬ ಇಷ್ಟವಾದ ಭಾಗ ಇದೇ. 579ರಲ್ಲಿ ಮಗ ಹೆರ್ಮೆನೆಗಿಲ್ಡ್ ಸೆವಿಲ್ಲೆಯಲ್ಲಿ ತಿರುಗಿಬಿದ್ದ. ಅವನೂ ನಾಣ್ಯ ಹಾಕಿಸಿದ. ಅದರ ಮೇಲಿನ ಮಾತು, ‘ದೇವರಿಂದ ರಾಜನಿಗೆ ಆಯುಸ್ಸು’. ಅಪ್ಪ ಊರನ್ನು ಗೆದ್ದುಕೊಂಡ ಮೇಲೆ ತನ್ನ ನಾಣ್ಯದಲ್ಲಿ ಬರೆಸಿದ್ದು, ‘ದೇವರ ಜೊತೆಯಿಂದ ಸೆವಿಲ್ಲೆ ಗೆದ್ದ’. ದೇವರು ಯಾರ ಕಡೆ ಅನ್ನೋ ಜಗಳ ಚಿನ್ನದ ಮೇಲೇ ನಡೆದಿದೆ! ಅಪ್ಪನ ಕೊರ್ದೋಬಾ ಊರಿನ ನಾಣ್ಯದಲ್ಲಿ ‘ಎರಡನೇ ಸಲ ಗೆದ್ದ’ ಅಂತಿದೆ. ಮೊದಲ ಸಲ 572, ಎರಡನೆಯದು 584. ಮಗ 585ರಲ್ಲಿ ತರಗೋನಾದಲ್ಲಿ ಕೊಲೆಯಾದ.

ಪ್ರಶ್ನೆ: ಥ್ಯಾಂಕ್ಸ್ ಸರ್. ಆನ್‌ಲೈನ್ ಹರಾಜಿನಲ್ಲಿ ಒಂದು ಇದೆ, ಬಣ್ಣ ಪೇಲವವಾಗಿದೆ. ನಕಲಿ ಇರಬಹುದಾ?

ಉತ್ತರ: ಬಣ್ಣವೊಂದನ್ನೇ ನೋಡಿ ಹೇಳಬೇಡಿ. ಏಳನೇ ಶತಮಾನದ ಕೊನೆಗೆ, ರಾಜರಾದ ಎಗಿಕಾ ಮತ್ತು ವಿಟ್ಟಿಜಾ ಕಾಲಕ್ಕೆ, ಅಸಲಿ ನಾಣ್ಯದಲ್ಲೂ ಬೆಳ್ಳಿ ಜಾಸ್ತಿಯಾಗಿತ್ತು. ಹಾಗಂತ ಚಿನ್ನ ಶುದ್ಧವಾಗಿದೆ ಅಂದ ಮಾತ್ರಕ್ಕೆ ಅಸಲಿಯೂ ಅಲ್ಲ. ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್ (1772–1830) ವಿಸಿಗೋಥ್ ನಾಣ್ಯಗಳ ನಕಲಿಯನ್ನೂ ಮಾಡಿದ್ದ. ಸ್ವಂತ ಅಚ್ಚು ಕೆತ್ತಿ, ನಿಜವಾದ ಚಿನ್ನದಲ್ಲೇ ಹೊಡೆಯುತ್ತಿದ್ದ. ಹಳೆಯದಾಗಿ ಕಾಣಲಿ ಅಂತ ಕಬ್ಬಿಣದ ಪುಡಿ ತುಂಬಿದ ಡಬ್ಬಿಯಲ್ಲಿಟ್ಟು, ಕುದುರೆಗಾಡಿಗೆ ಕಟ್ಟಿ ಊರೂರು ಅಲುಗಾಡಿಸುತ್ತಿದ್ದ. ಅಕ್ಕಸಾಲಿಗರ ಪರೀಕ್ಷೆಯಲ್ಲಿ ಇವು ಸಿಕ್ಕಿಬೀಳುವುದಿಲ್ಲ. ಗೊತ್ತಿರುವ ಅಚ್ಚುಗಳ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

ಎರಡೂ ಬದಿಯ ಫೋಟೊ, ತೂಕ ಮತ್ತು ಹಿಂದಿನ ಮಾಲೀಕರ ದಾಖಲೆ ಕೇಳಿ ತರಿಸಿಕೊಂಡು ಇಲ್ಲೇ ಹಾಕಿ. ಅಲ್ಲಿಯವರೆಗೆ ದುಡ್ಡು ಕಟ್ಟಬೇಡಿ.